ಕಾಣದ ಅಲೆಗಳ ಮೋಜಣಿ

ಕಾಲೇಜಿನ ವಾಚನಾಲಯದಲ್ಲಿ ಬಾಗಿಲ ಬಳಿ ಕುಳಿತ ವಿದ್ಯಾರ್ಥಿಗೆ ವೈ-ಫೈ ಸಂಪರ್ಕ ಸರಾಗವಾಗಿ ದೊರೆಯುತ್ತದೆ. ಅದೇ ಕೋಣೆಯ ಒಳಮೂಲೆಯ ಬೆಂಚಿನಲ್ಲಿ ಕುಳಿತವನಿಗೆ ಪರೀಕ್ಷೆಯ ಅರ್ಜಿಯ ಪುಟ ಅರ್ಧ ತೆರೆದು ನಿಂತುಬಿಡುತ್ತದೆ. ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನವಾಗಿದ್ದರೆ ಅವನ ಒಂದು ವರ್ಷವೇ ಅಪಾಯಕ್ಕೆ ಸಿಕ್ಕಿತೆನ್ನಬೇಕು. ಇಂತಹ ದೂರುಗಳು ಹೆಚ್ಚಿದಾಗ ಆಡಳಿತದವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಮತ್ತೊಂದು ರೌಟರನ್ನು ಕೊಂಡು, ವಿದ್ಯುತ್ತಿನ ಪ್ಲಗ್ಗು ಎಲ್ಲಿದೆಯೋ ಅಲ್ಲಿ ಅದನ್ನು ತೂಗುಹಾಕುವುದು. ಇದರಿಂದ ಕೆಲವೊಮ್ಮೆ ಗುಣ ಕಾಣುವುದುಂಟು. ಕೆಲವೊಮ್ಮೆ ಮೊದಲಿದ್ದುದಕ್ಕಿಂತಲೂ ಕೆಡುವುದುಂಟು. ಕೆಟ್ಟಾಗ ಇನ್ನೂ ಒಂದು ರೌಟರು ಬರುತ್ತದೆ.

ಹೊಲದ ಎಲ್ಲೆಯ ವಿಷಯದಲ್ಲಿ ತಕರಾರು ಹುಟ್ಟಿದರೆ ನಾವು ಮೋಜಣಿದಾರನನ್ನು ಕರೆಸುತ್ತೇವೆ. ಅವನು ಅಳೆದು ನಕ್ಷೆ ಬರೆದ ಮೇಲಷ್ಟೆ ಮಾತು ಮುಂದುವರಿಯುತ್ತದೆ. ಕಣ್ಣಿಗೆ ಕಾಣುವ ನೆಲಕ್ಕೇ ಇಷ್ಟು ಕಟ್ಟುಪಾಡು ಇರುವಾಗ, ಕಾಣದ ರೇಡಿಯೋ ಅಲೆಗಳನ್ನು ಅಳೆಯದೆಯೇ ಅವುಗಳಿಗಾಗಿ ಹಣ ಸುರಿಯುವುದು ವಿಚಿತ್ರವೇ ಸರಿ. ಅಳೆಯುವ ಉಪಕರಣಗಳಿಲ್ಲವೆಂದಲ್ಲ. ನೆಟ್‌ಅಲೈ ಸಂಸ್ಥೆಯ ಏರ್‌ಚೆಕ್, ಏಕಹಾವ್ ಸಂಸ್ಥೆಯ ಸೈಡ್‌ಕಿಕ್ ಮೊದಲಾದುವು ಈ ಕೆಲಸಕ್ಕಾಗಿಯೇ ನಿರ್ಮಿತವಾದುವು. ಆದರೆ ಅವುಗಳ ಬೆಲೆ ಸಾವಿರಾರು ಡಾಲರುಗಳು. ವಿಮಾನ ನಿಲ್ದಾಣಕ್ಕೂ ದೊಡ್ಡ ಆಸ್ಪತ್ರೆಗೂ ಅವು ಸಲ್ಲುತ್ತವೆ. ಕೆಲವು ನೂರು ಅಥವಾ ಕೆಲವು ಸಾವಿರ ರೂಪಾಯಿಗಳನ್ನಷ್ಟೆ ಕೂಡಿಸಬಲ್ಲ ವಿದ್ಯಾರ್ಥಿಗಳು ತಮ್ಮ ವಾಚನಾಲಯದ ಅಲೆಗಳನ್ನು ತಾವೇ ಅಳೆಯಬಲ್ಲರೆ? ಅಳೆಯುವುದಾದರೆ ಯಾವ ಉಪಕರಣವನ್ನು ಆರಿಸಬೇಕು? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ಅಳೆಯಬೇಕಾದುದು ಏನು?

ವೈ-ಫೈ ರೌಟರ್ ಎಂಬುದು ಒಂದು ಪುಟ್ಟ ರೇಡಿಯೋ ನಿಲಯ. ಅದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಅಗ್ಗದ ರೌಟರುಗಳಿಗೆ ಮೊದಲನೆಯದು ಮಾತ್ರ ಗೊತ್ತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯ ಕಟ್ಟಿನಿಂದ ಬಿಡಿಸಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗಕ್ಕೆ, ಕಟ್ಟಡದ ಹೊರಗಿನ ಬಳಕೆಯೂ ಸೇರಿದಂತೆ, ಈ ಸ್ವಾತಂತ್ರ್ಯ ದೊರೆತುದು 2018ರಲ್ಲಿ. ಆದುದರಿಂದಲೇ ಶಕ್ತಿಯ ಮಿತಿಯೊಂದನ್ನು ಮೀರದೆ ಯಾರು ಬೇಕಾದರೂ ತಮ್ಮ ಮನೆಯಲ್ಲಿ ಇಂತಹ ನಿಲಯವನ್ನು ಸ್ಥಾಪಿಸಬಹುದಾಗಿದೆ.

ಹಿಂದೆ ಹಳ್ಳಿಗಳಲ್ಲಿ ಡಂಗುರ ಹೊಡೆದು ಸುದ್ದಿ ಸಾರುತ್ತಿದ್ದರಷ್ಟೆ. ಪ್ರತಿಯೊಂದು ರೌಟರೂ ತನ್ನ ಇರವನ್ನು ಹೀಗೆಯೇ ಬಿಡುವಿಲ್ಲದೆ ಸಾರುತ್ತಿರುತ್ತದೆ. ಈ ಸಾರಿಕೆಗೆ ಬೀಕನ್ ಎಂದು ಹೆಸರು. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೆ ಒಮ್ಮೆ, ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 10 ಸಲ, ಒಂದು ಬೀಕನ್ ಹೊರಡುತ್ತದೆ. ಜಾಲದ ಹೆಸರು, ರೌಟರಿನ ಸ್ವಂತ ಗುರುತಿನ ಸಂಖ್ಯೆ, ಅದು ನಿಂತಿರುವ ಚಾನೆಲ್, ಅದು ಬಳಸುವ ಗೂಢಲಿಪಿಯ ಬಗೆ ಇವೆಲ್ಲವೂ ಅದರಲ್ಲಿರುತ್ತವೆ. ಮೋಜಣಿಯ ಉಪಕರಣ ಒಂದೊಂದು ಚಾನೆಲಿನಲ್ಲಿಯೂ ಕ್ಷಣಕಾಲ ಕಿವಿಗೊಟ್ಟು, ಯಾರು ಯಾರು ಸಾರುತ್ತಿದ್ದಾರೆ, ಯಾರ ದನಿ ಎಷ್ಟು ಬಲವಾಗಿ ಕೇಳುತ್ತಿದೆ ಎಂದು ಬರೆದುಕೊಳ್ಳುತ್ತದೆ. ಮೂಲದಲ್ಲಿ ಕೆಲಸ ಇಷ್ಟೇ.

ದನಿಯ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುವುದು ವಾಡಿಕೆ. 1 ಮಿಲಿವಾಟ್ ಶಕ್ತಿಗೆ 0 ಡಿಬಿಎಂ ಎಂದಿಟ್ಟುಕೊಂಡು, ಶಕ್ತಿ ಹತ್ತು ಪಟ್ಟು ಹೆಚ್ಚಿದರೆ 10 ಕೂಡಿಸುತ್ತಲೂ ಹತ್ತರಲ್ಲಿ ಒಂದು ಪಾಲಾದರೆ 10 ಕಳೆಯುತ್ತಲೂ ಹೋಗಬೇಕು. ಹೀಗಾಗಿ -30 ಡಿಬಿಎಂ ಎಂದರೆ ಮಿಲಿವಾಟಿನ ಸಾವಿರದಲ್ಲಿ ಒಂದು ಪಾಲು. -60 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. -90 ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಅಲ್ಪಶಕ್ತಿಯನ್ನು ಅಂಗೈಯಗಲದ ಫೋನು ಗುರುತಿಸಬಲ್ಲುದೆಂಬುದು ಆಶ್ಚರ್ಯವಲ್ಲವೆ?

ಒಂದು ಲೆಕ್ಕ ಮಾಡಿ ನೋಡೋಣ. ರೌಟರು 100 ಮಿಲಿವಾಟ್, ಎಂದರೆ 20 ಡಿಬಿಎಂ ಶಕ್ತಿಯನ್ನು ಹೊರಸೂಸುತ್ತಿದೆಯೆನ್ನಿ. 2.4 ಗಿಗಾಹರ್ಟ್ಸ್ ಅಲೆ ಬಯಲಿನಲ್ಲಿ ಮೊದಲ ಒಂದು ಮೀಟರಿನಲ್ಲಿಯೇ ಸುಮಾರು 40 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಆಮೇಲೆ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ -20 ಇದ್ದುದು 2 ಮೀಟರಿನಲ್ಲಿ -26, 4 ಮೀಟರಿನಲ್ಲಿ -32, 8 ಮೀಟರಿನಲ್ಲಿ -38, 16 ಮೀಟರಿನಲ್ಲಿ -44 ಆಗಬೇಕು. ವಾಚನಾಲಯದ ಮೂಲೆ ರೌಟರಿನಿಂದ 16 ಮೀಟರಿಗಿಂತ ದೂರವಿರಲಾರದು. ಆದರೂ ಅಲ್ಲಿ ಅಳೆದಾಗ -75, -80 ಕಂಡುಬರುವುದು ಅಪರೂಪವಲ್ಲ. ನಡುವಿನ 30 ಡೆಸಿಬೆಲ್ ಎಲ್ಲಿ ಹೋಯಿತು? ಗೋಡೆಗಳು ಕೆಲವನ್ನು ನುಂಗಿದುವು. ಪುಸ್ತಕಗಳನ್ನಿಟ್ಟ ಉಕ್ಕಿನ ಬೀರುಗಳು ಕೆಲವನ್ನು ಹಿಂದಕ್ಕೆ ಹೊಡೆದುವು. ನೀರೇ ಹೆಚ್ಚಾಗಿರುವ ಮನುಷ್ಯಶರೀರಗಳು ಕೆಲವನ್ನು ಹೀರಿಕೊಂಡುವು. ಯಾವುದು ಎಷ್ಟನ್ನು ತೆಗೆದುಕೊಂಡಿತೆಂದು ಕಂಡುಹಿಡಿಯುವುದೇ ಮೋಜಣಿಯ ಗುರಿ.

ಜಾಲಗಳನ್ನು ಯೋಜಿಸುವವರು ಧ್ವನಿಸಂಭಾಷಣೆಗೆ -67 ಡಿಬಿಎಂಗಿಂತ ಕಡಿಮೆಯಾಗಬಾರದೆಂದು ಸಾಮಾನ್ಯವಾಗಿ ಗೆರೆಯೆಳೆಯುತ್ತಾರೆ. ಪುಟಗಳನ್ನು ಓದಲು -70 ಇದ್ದರೂ ನಡೆಯುತ್ತದೆ. -80ರ ಆಚೆ ಸಂಪರ್ಕವನ್ನು ನಂಬುವಂತಿಲ್ಲ. -95ರ ಹತ್ತಿರ ಗ್ರಾಹಕದ ಸ್ವಂತ ಗದ್ದಲವೇ ಇರುವುದರಿಂದ ಅದಕ್ಕಿಂತ ಕೆಳಗಿನ ದನಿ ಅದರಲ್ಲಿ ಮುಳುಗಿಹೋಗುತ್ತದೆ.

ಯಾರ ಕಿವಿ, ಯಾರ ಅಳತೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಫೋನು ತೋರಿಸುವ ಸಂಖ್ಯೆ ಗಾಳಿಯಲ್ಲಿರುವ ಶಕ್ತಿಯಲ್ಲ; ಆ ಫೋನಿನ ಆಂಟೆನಾ ಹಿಡಿದು, ಅದರ ಚಿಪ್ಪು ಅಂದಾಜು ಮಾಡಿದ ಶಕ್ತಿ. ವೈ-ಫೈಯ ಶಿಷ್ಟಸೂತ್ರ ಮೊದಲು ರೂಪುಗೊಂಡುದು 1997ರಲ್ಲಿ. ದನಿಯ ಬಲವನ್ನು ಯಾವ ಅಳತೆಗೋಲಿನಲ್ಲಿ ಹೇಳಬೇಕೆಂಬುದನ್ನು ಅದು ತಯಾರಕರಿಗೇ ಬಿಟ್ಟುಕೊಟ್ಟಿತು. ಒಬ್ಬರು 0ಯಿಂದ 100ರವರೆಗೆ, ಇನ್ನೊಬ್ಬರು 0ಯಿಂದ 60ರವರೆಗೆ ಎಣಿಸಿದರು. ಇಂದಿನ ಉಪಕರಣಗಳು ಡಿಬಿಎಂನಲ್ಲಿಯೇ ಉತ್ತರ ಕೊಡುತ್ತವೆ, ನಿಜ. ಆದರೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟ ಎರಡು ಫೋನುಗಳು ಹಲವು ಡೆಸಿಬೆಲ್ ವ್ಯತ್ಯಾಸ ತೋರಿಸುವುದು ಸಾಮಾನ್ಯ.

ನೆಲದ ಮೋಜಣಿದಾರರಿಗೆ ಈ ತೊಡಕು ಹೊಸತಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ, ಆಮೇಲೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ, ತನ್ನ ಮೋಜಣಿಗೆ ಆಧಾರವಾದ ರೇಖೆಗಳನ್ನು ಉಕ್ಕಿನ ಸರಪಳಿಯಿಂದ ಅಳೆದನು. ಬಿಸಿಲಿಗೆ ಉಕ್ಕು ಹಿಗ್ಗುವುದೆಂದು ಬಲ್ಲ ಅವನು ಉಷ್ಣಮಾಪಕಗಳನ್ನು ಜೊತೆಗಿಟ್ಟುಕೊಂಡು ಸರಪಳಿಯ ಉದ್ದಕ್ಕೆ ತಿದ್ದುಪಡಿ ಮಾಡಿದನು. ನಮ್ಮ ಅಗ್ಗದ ಉಪಕರಣಕ್ಕೂ ಇಂತಹ ತಿದ್ದುಪಡಿ ಸಾಕು. ಎರಡು ಫೋನುಗಳನ್ನು ನಾಲ್ಕೈದು ಸ್ಥಳಗಳಲ್ಲಿ ಜೊತೆಯಾಗಿಟ್ಟು ನೋಡಿದರೆ ಅವುಗಳ ನಡುವಿನ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹೊಂದಿಸಬಹುದು. ಇನ್ನೂ ಸುಲಭವಾದುದೆಂದರೆ, ಮೋಜಣಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಫೋನಿನಿಂದ ಮಾಡುವುದು. ಈ ಮೂಲೆಗಿಂತ ಆ ಮೂಲೆ 20 ಡೆಸಿಬೆಲ್ ಕೆಳಗಿದೆಯೆಂದು ತಿಳಿಯಲು ಲಕ್ಷ ರೂಪಾಯಿಯ ಉಪಕರಣ ಬೇಕಾಗಿಲ್ಲ.

ಹಳೆಯ ಅಂಗೈ ಉಪಕರಣಗಳು

ಈ ಹವ್ಯಾಸ ಆರಂಭವಾದಾಗ ಉಪಕರಣದ ಆಯ್ಕೆ ಈಗಿನಷ್ಟು ಸುಲಭವಾಗಿರಲಿಲ್ಲ. 2001ರ ಸುಮಾರಿನಲ್ಲಿ ಮೇರಿಯಸ್ ಮಿಲ್ನರ್ ರಚಿಸಿದ ನೆಟ್‌ಸ್ಟಂಬ್ಲರ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಅಮೆರಿಕದ ಹವ್ಯಾಸಿಗಳು ಕಾರುಗಳಲ್ಲಿ ಬೀದಿ ಸುತ್ತಿದರು. ಲ್ಯಾಪ್‌ಟಾಪ್ ಭಾರವೆನಿಸಿದವರು ಕಾಂಪ್ಯಾಕ್ ಐಪ್ಯಾಕ್, ಶಾರ್ಪ್ ಜೌರಸ್ ಎಂಬ ಅಂಗೈ ಕಂಪ್ಯೂಟರುಗಳಿಗೆ ವೈ-ಫೈ ಕಾರ್ಡು ಚುಚ್ಚಿಕೊಂಡರು. 2007ರಲ್ಲಿ ಬಂದ ನೋಕಿಯಾ ಎನ್800, ಎನ್810 ಎಂಬ ಪುಟ್ಟ ಫಲಕಗಳು ಲಿನಕ್ಸ್ ಆಧಾರಿತವಾದುದರಿಂದ ಕಿಸ್ಮೆಟ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಹೇಳಿಮಾಡಿಸಿದಂತಿದ್ದುವು. ನೆಟ್‌ಸ್ಟಂಬ್ಲರ್ "ಯಾರಿದ್ದೀರಿ?" ಎಂದು ಕೂಗಿ ಉತ್ತರಕ್ಕೆ ಕಾಯುತ್ತಿತ್ತು, ಕಿಸ್ಮೆಟ್ ತಾನು ತುಟಿ ಬಿಚ್ಚದೆ ಬೇರೆಯವರ ಮಾತಿಗೆ ಕಿವಿಗೊಡುತ್ತಿತ್ತು. ಕೂಗಿ ಕೇಳುವುದು, ಸುಮ್ಮನೆ ಆಲಿಸುವುದು ಎಂಬ ಈ ಎರಡು ಮಾರ್ಗಗಳೂ ಇಂದಿನ ಉಪಕರಣಗಳಲ್ಲಿ ಉಳಿದುಬಂದಿವೆ. ಆ ಹಳೆಯ ಯಂತ್ರಗಳು ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕರೂ ಕೊಳ್ಳುವುದು ಬೇಡ. ಅವುಗಳಿಗೆ 5 ಗಿಗಾಹರ್ಟ್ಸ್ ಪಟ್ಟಿ ಕೇಳಿಸುವುದೇ ಇಲ್ಲ.

ಇಂದಿನ ಆಯ್ಕೆಗಳು

ಮೊದಲ ಸ್ಥಾನವನ್ನು ನಾವು ಹಳೆಯ ಆಂಡ್ರಾಯ್ಡ್ ಫೋನಿಗೆ ಕೊಡುತ್ತೇವೆ. ಮನೆಯ ಮೇಜಿನ ಖಾನೆಯಲ್ಲಿ ಒಂದು ಬಿದ್ದಿದ್ದರೆ ಖರ್ಚೇ ಇಲ್ಲ. ಕೊಳ್ಳಬೇಕಾಗಿ ಬಂದರೂ ಬಳಸಿದ ಫೋನು ಕೆಲವು ಸಾವಿರ ರೂಪಾಯಿಗಳಿಗೆ ಸಿಗುತ್ತದೆ. ಗಾಜು ಬಿರುಕು ಬಿಟ್ಟಿದ್ದರೆ ಚಿಂತೆಯಿಲ್ಲ, ಕ್ಯಾಮೆರಾ ಕೆಟ್ಟಿದ್ದರೂ ಚಿಂತೆಯಿಲ್ಲ. ಆದರೆ ಮೂರು ಗುಣಗಳು ಅದರಲ್ಲಿರಲೇಬೇಕು. ಅದು ಎರಡು ಪಟ್ಟಿಗಳನ್ನೂ ಕೇಳಬಲ್ಲುದಾಗಿರಬೇಕು. ಎಷ್ಟೋ ಅಗ್ಗದ ಫೋನುಗಳು 2.4 ಗಿಗಾಹರ್ಟ್ಸ್‌ಗೆ ನಿಂತುಬಿಡುತ್ತವೆ. ಅದರ ಬ್ಯಾಟರಿ ಎರಡು ಗಂಟೆಯಾದರೂ ತಡೆಯಬೇಕು. ಮೂರನೆಯ ಗುಣ ಅಂಗಡಿಯವನೂ ಸಾಮಾನ್ಯವಾಗಿ ತಿಳಿಯದ ಒಂದು ಸೂಕ್ಷ್ಮ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2018ರಲ್ಲಿ ಬಂದ ಆಂಡ್ರಾಯ್ಡ್ 9 ಎಂಬ ಆವೃತ್ತಿ, ಬ್ಯಾಟರಿಯನ್ನು ಉಳಿಸುವ ಉದ್ದೇಶದಿಂದ ಆ್ಯಪುಗಳಿಗೆ ಒಂದು ಕಟ್ಟು ಹಾಕಿತು. ಪರದೆಯ ಮೇಲೆ ತೆರೆದಿರುವ ಆ್ಯಪ್ ಎರಡು ನಿಮಿಷಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಾಗಿ ಸುತ್ತಲಿನ ಜಾಲಗಳನ್ನು ಹುಡುಕುವಂತಿಲ್ಲ. ಹಿನ್ನೆಲೆಯಲ್ಲಿರುವ ಆ್ಯಪುಗಳಿಗೆಲ್ಲ ಸೇರಿ ಅರ್ಧ ಗಂಟೆಗೆ ಒಂದೇ ಸಲ. ಇದರ ಪರಿಣಾಮವನ್ನು ಯೋಚಿಸಿ. ಎರಡು ನಿಮಿಷಕ್ಕೆ ನಾಲ್ಕು ಎಂದರೆ 30 ಸೆಕೆಂಡಿಗೆ ಒಂದು. ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವ ವಿದ್ಯಾರ್ಥಿ ಅಷ್ಟರಲ್ಲಿ 30 ಮೀಟರ್ ದಾಟಿರುತ್ತಾನೆ. ಮೂಲೆಯಲ್ಲಿ ನಿಂತು ಅವನು ಬರೆದುಕೊಳ್ಳುವ ಸಂಖ್ಯೆ ಬಾಗಿಲ ಬಳಿ ದೊರೆತ ಹಳೆಯ ಸಂಖ್ಯೆಯಾಗಿರಬಹುದು! ಪರದೆಯ ಮೇಲಿನ ರೇಖೆಗಳು ಮಾತ್ರ ಜೀವಂತವಾಗಿರುವಂತೆಯೇ ಕಾಣುತ್ತವೆ. ಅದರ ಮುಂದಿನ ಆಂಡ್ರಾಯ್ಡ್ 10ರಲ್ಲಿ, ತಂತ್ರಜ್ಞರಿಗೆಂದು ಇಟ್ಟಿರುವ ಡೆವಲಪರ್ ಆಯ್ಕೆಗಳ ಪುಟದಲ್ಲಿ, ಈ ಕಟ್ಟನ್ನು ಸಡಿಲಿಸುವ ಗುಂಡಿಯೊಂದು ಬಂದಿತು. ಆದುದರಿಂದ ಆಂಡ್ರಾಯ್ಡ್ 8 ಅಥವಾ ಅದಕ್ಕೂ ಹಿಂದಿನದು ಒಳ್ಳೆಯದು, 10 ಅಥವಾ ಅದಕ್ಕೂ ಮುಂದಿನದು ಒಳ್ಳೆಯದು. 9ನ್ನು ಬಿಡುವುದು ಲೇಸು. ಆಂಡ್ರಾಯ್ಡ್ 6ರಿಂದ ಈಚೆಗೆ ಹುಡುಕಾಟದ ಫಲಿತಾಂಶ ಬೇಕೆಂದರೆ ಆ್ಯಪಿಗೆ ಸ್ಥಳ ತಿಳಿಯುವ ಅನುಮತಿಯನ್ನೂ ಕೊಡಬೇಕಾಗುತ್ತದೆ. ಪಟ್ಟಿ ಖಾಲಿಯಾಗಿ ಕಂಡು ಗಾಬರಿಯಾಗುವವರು ಮೊದಲು ಅದನ್ನು ನೋಡಬೇಕು.

ಐಫೋನು ದುಬಾರಿಯಾದರೂ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಸುತ್ತಲಿನ ಜಾಲಗಳ ಪಟ್ಟಿಯನ್ನು ಅದು ಹೊರಗಿನ ಆ್ಯಪುಗಳಿಗೆ ಕೊಡುವುದೇ ಇಲ್ಲ. ಆಪಲ್ ಸಂಸ್ಥೆಯದೇ ಆದ ಏರ್‌ಪೋರ್ಟ್ ಯುಟಿಲಿಟಿ ಎಂಬ ಆ್ಯಪಿನಲ್ಲಿ ಮಾತ್ರ, ಸೆಟ್ಟಿಂಗ್ಸ್ ಪುಟದಲ್ಲಿ ಅಡಗಿರುವ ಗುಂಡಿಯನ್ನು ಒತ್ತಿದರೆ, ಅಂತಹ ಪಟ್ಟಿ ದೊರೆಯುತ್ತದೆ.

ಕೈಯಾರೆ ಏನನ್ನಾದರೂ ಕಟ್ಟಬೇಕೆನ್ನುವವರಿಗೆ ಶಾಂಘೈಯ ಎಸ್‌ಪ್ರೆಸ್ಸಿಫ್ ಸಂಸ್ಥೆಯ ಚಿಪ್ಪುಗಳಿವೆ. 2014ರಲ್ಲಿ ಪ್ರಸಿದ್ಧಿಗೆ ಬಂದ ಇಎಸ್‌ಪಿ8266, 2016ರಲ್ಲಿ ಬಂದ ಇಎಸ್‌ಪಿ32 ಇವುಗಳನ್ನು ಕೂರಿಸಿದ ಹಲಗೆಗಳು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತವೆ. ಬೆರಳಗಲದ ಪರದೆಯೊಂದನ್ನೂ ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕನ್ನೂ ಸೇರಿಸಿದರೆ ಅಂಗೈಯಲ್ಲಿ ಹಿಡಿಯುವ ಮೋಜಣಿ ಯಂತ್ರ ಸಿದ್ಧ. ಕಾರ್ಯಸೂಚಿ ಬರೆಯುವುದೂ ಕಷ್ಟವಲ್ಲ. ಎಲ್ಲ ಚಾನೆಲುಗಳನ್ನೂ ಸುತ್ತಿಬರಲು ಇದಕ್ಕೆ ಎರಡು ಮೂರು ಸೆಕೆಂಡು ಸಾಕು. ಯಾವ ಕಟ್ಟೂ ಇಲ್ಲ, ಏನು ನಡೆಯುತ್ತಿದೆಯೆಂಬುದು ನಮ್ಮ ಕಣ್ಣೆದುರಿಗೇ ಇರುತ್ತದೆ. ಆದರೆ ಈ ಎರಡಕ್ಕೂ 5 ಗಿಗಾಹರ್ಟ್ಸ್ ಕೇಳಿಸದು. ಆಂಟೆನಾ ಹಲಗೆಯ ತುದಿಯಲ್ಲಿಯೇ ಇರುವುದರಿಂದ ಬೆರಳು ಅದನ್ನು ಮುಚ್ಚಿದರೆ ಲೆಕ್ಕವೆಲ್ಲ ಕೆಡುತ್ತದೆ. ಕೋಣೆಯಿಂದ ಕೋಣೆಗೆ ಒಯ್ಯುವುದಕ್ಕಿಂತ, ತೊಂದರೆಯ ಮೂಲೆಯಲ್ಲಿ ಇಡೀ ದಿನ ಇಟ್ಟು ಗಂಟೆಗಂಟೆಗೂ ಏನಾಗುವುದೆಂದು ದಾಖಲಿಸಲು ಇದು ಫೋನಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇಷ್ಟರಲ್ಲಿಯೂ ಒಂದು ಕೊರತೆ ಉಳಿಯಿತು. ಫೋನಿಗಾಗಲಿ ಇಎಸ್‌ಪಿ ಹಲಗೆಗಾಗಲಿ ವೈ-ಫೈಯ ಭಾಷೆಯಷ್ಟೇ ತಿಳಿಯುತ್ತದೆ. ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಬ್ಲೂಟೂತ್ ಇದೆ, ತಂತಿಯಿಲ್ಲದ ಮೌಸುಗಳಿವೆ, ಕ್ಯಾಂಟೀನಿನ ಮೈಕ್ರೋವೇವ್ ಒಲೆಯಿದೆ. ಒಲೆಯ ಆವೃತ್ತಿ ಸುಮಾರು 2.45 ಗಿಗಾಹರ್ಟ್ಸ್, ಸೋರಿಕೆ ಎಷ್ಟು ಅಲ್ಪವಾದರೂ ರೌಟರಿನ ಕ್ಷೀಣದನಿಗೆ ಅದು ಗುಡುಗಿದ್ದಂತೆ. ಟ್ರಾನ್ಸ್‌ಫಾರ್ಮರ್ ಉಳ್ಳ ಸಾಮಾನ್ಯ ಒಲೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಅರ್ಧ ಆವರ್ತದಲ್ಲಿ ಮಾತ್ರ ಗುಡುಗುವುದರಿಂದ, 10 ಮಿಲಿಸೆಕೆಂಡು ಗದ್ದಲ, 10 ಮಿಲಿಸೆಕೆಂಡು ಮೌನ ಎಂಬ ತಾಳ ಏರ್ಪಡುತ್ತದೆ. ಇಂತಹ ಗದ್ದಲವನ್ನು ಹಿಡಿಯಲು ನಾರ್ವೆಯ ನಾರ್ಡಿಕ್ ಸಂಸ್ಥೆಯ ಎನ್‌ಆರ್‌ಎಫ್24ಎಲ್01+ ಎಂಬ, ಬಹಳ ಅಗ್ಗವಾದ ಬಿಲ್ಲೆಯನ್ನು ಹವ್ಯಾಸಿಗಳು ಜಾಣತನದಿಂದ ಬಳಸುತ್ತಾರೆ. ಅದಕ್ಕೆ ವೈ-ಫೈಯ ಭಾಷೆ ಒಂದಕ್ಷರವೂ ತಿಳಿಯದು. 2400ರಿಂದ 2525 ಮೆಗಾಹರ್ಟ್ಸ್‌ವರೆಗಿನ 126 ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಲ್ಲಿಸಿದರೂ, -64 ಡಿಬಿಎಂಗಿಂತ ಹೆಚ್ಚಿನ ಸದ್ದು ಇದೆಯೆ ಇಲ್ಲವೆ ಎಂದು 1 ಅಥವಾ 0 ಉತ್ತರ ಕೊಡುತ್ತದೆ, ಅಷ್ಟೆ. ಪ್ರತಿ ಮೆಟ್ಟಿಲನ್ನೂ ನೂರು ಸಲ ಕೇಳಿ ಎಷ್ಟು ಸಲ 1 ಬಂದಿತೆಂದು ಎಣಿಸಿದರೆ ಇಡೀ ಪಟ್ಟಿಯ ಗದ್ದಲದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆರ್ಡುಯಿನೋ ಬಲ್ಲ ಕಾಲೇಜು ವಿದ್ಯಾರ್ಥಿಗೆ ಇದು ಒಂದು ಭಾನುವಾರದ ಕೆಲಸ.

ಕೊಳ್ಳಬಾರದ ಒಂದು ವಸ್ತುವಿನ ಹೆಸರನ್ನೂ ಹೇಳಿಬಿಡೋಣ. ಟೆಲಿವಿಷನ್ ಗ್ರಾಹಕದ ಚಿಪ್ಪಿನಿಂದ ಮಾಡಿದ ಆರ್‌ಟಿಎಲ್-ಎಸ್‌ಡಿಆರ್ ಎಂಬ ಯುಎಸ್‌ಬಿ ಕಡ್ಡಿ 2012ರಿಂದ ಹವ್ಯಾಸಿಗಳ ಅಚ್ಚುಮೆಚ್ಚು. ವಿಮಾನಗಳ ಸಂಕೇತ, ಉಪಗ್ರಹಗಳ ಚಿತ್ರ ಇವುಗಳಿಗೆಲ್ಲ ಅದು ಅದ್ಭುತ. ಆದರೆ ಸುಮಾರು 1.7 ಗಿಗಾಹರ್ಟ್ಸ್‌ಗೆ ಅದರ ಕಿವಿ ಮುಗಿಯಿತು. ವೈ-ಫೈಯ ಪಟ್ಟಿಯನ್ನು ಅದು ತಲುಪುವುದೇ ಇಲ್ಲ. 6 ಗಿಗಾಹರ್ಟ್ಸ್‌ವರೆಗೆ ಕೇಳಬಲ್ಲ ಹ್ಯಾಕ್‌ಆರ್‌ಎಫ್ ಒನ್ ಎಂಬುದು ಇದೆ. ಅದರ ಬೆಲೆಯಲ್ಲಿ ನಾಲ್ಕಾರು ಹಳೆಯ ಫೋನುಗಳು ಬರುತ್ತವೆ.

ಹೊರಡುವ ಮೊದಲು

ಬೀಕನ್ ಎಲ್ಲರಿಗಾಗಿ ಸಾರಿದ ಮಾತು. ಅದನ್ನು ಕೇಳಿಸಿಕೊಳ್ಳುವುದು ಬೇರೆ, ಆ ಜಾಲದಲ್ಲಿ ಹರಿಯುವ ಇತರರ ಸಂದೇಶಗಳನ್ನು ಹಿಡಿಯುವುದು ಬೇರೆ. ಬೀದಿಗಳ ಚಿತ್ರ ತೆಗೆಯುತ್ತಿದ್ದ ಗೂಗಲ್ ಸಂಸ್ಥೆಯ ಕಾರುಗಳು ವೈ-ಫೈ ಜಾಲಗಳ ಹೆಸರುಗಳ ಜೊತೆಗೆ, ಬೀಗವಿಲ್ಲದ ಜಾಲಗಳಲ್ಲಿದ್ದ ಜನರ ಖಾಸಗಿ ಸಂದೇಶಗಳ ತುಣುಕುಗಳನ್ನೂ ಸಂಗ್ರಹಿಸಿದ್ದುವೆಂದು 2010ರ ಮೇ ತಿಂಗಳಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಹಲವು ದೇಶಗಳಲ್ಲಿ ವಿಚಾರಣೆಗಳು ನಡೆದುವು. ಮೋಜಣಿ ಮಾಡುವವರು ಈ ಗೆರೆಯನ್ನು ದಾಟಬಾರದು. ಪ್ರಾಂಶುಪಾಲರ ಲಿಖಿತ ಅನುಮತಿ ಪಡೆಯಬೇಕು; ನಕ್ಷೆಯಲ್ಲಿ ನೆರೆಮನೆಗಳ ಜಾಲಗಳ ಹೆಸರು ಬರೆಯದೆ "ಹೊರಗಿನದು 1", "ಹೊರಗಿನದು 2" ಎಂದಷ್ಟೇ ಗುರುತಿಸಬೇಕು. ಕುತೂಹಲಕ್ಕೆಂದು ಬೇರೆಯವರ ಜಾಲದ ಗುಪ್ತಪದವನ್ನು ಊಹಿಸಿ ಒಳಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಅಪರಾಧವಾದೀತು.

ಇನ್ನೊಂದು ಕಡೆಯಿಂದ ನೋಡಿದರೆ, ಇದೇ ಮೋಜಣಿ ಕಾಲೇಜಿಗೆ ರಕ್ಷಣೆಯೂ ಆಗುತ್ತದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸ್ಫೋಟಿಸುವ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬಂದ ಮಿಂಚಂಚೆ, ನವಿ ಮುಂಬಯಿಯ ನಿವಾಸಿಯೊಬ್ಬರ ಮನೆಯ ಬೀಗವಿಲ್ಲದ ವೈ-ಫೈ ಮೂಲಕ ಹೊರಟಿತ್ತು. ಅದರ ಸುಳಿವನ್ನೇ ಅರಿಯದ ಮನೆಯವರು ತನಿಖೆಗೆ ಒಳಗಾಗಬೇಕಾಯಿತು. 2009ರ ಆದಿಯಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ಜಾಲಗಳನ್ನು ಬೀದಿಬೀದಿಗಳಲ್ಲಿ ಹುಡುಕಿ ಎಚ್ಚರಿಸುವ ಯೋಜನೆ ಕೈಗೊಂಡರು. ಫೋನಿನ ಪಟ್ಟಿಯಲ್ಲಿ ನಿಮ್ಮ ಕಾಲೇಜಿನ ಯಾವುದೋ ಮರೆತುಹೋದ ರೌಟರು ತೆರೆದೇ ಇರುವುದು ಕಂಡರೆ, ಅಥವಾ 2001ರಲ್ಲಿಯೇ ದುರ್ಬಲವೆಂದು ಸಾಬೀತಾದ ವೆಪ್ ಎಂಬ ಬೀಗವನ್ನು ಹಾಕಿಕೊಂಡಿದ್ದರೆ, ಅಂದೇ ಪ್ರಾಂಶುಪಾಲರಿಗೆ ತಿಳಿಸಬೇಕು.

ಅಳತೆಯ ಕ್ರಮ

ಗ್ರಾಫ್ ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು 3 ಮೀಟರಿಗೆ ಒಂದರಂತೆ ಚೌಕಗಳನ್ನು ಹಾಕಿ. 18 ಮೀಟರ್ ಉದ್ದ, 12 ಮೀಟರ್ ಅಗಲದ ಕೋಣೆಗೆ 24 ಚೌಕಗಳಾಗುತ್ತವೆ. ಪ್ರತಿ ಚೌಕದ ನಡುವೆ ನಿಂತು, ಫೋನನ್ನು ಎದೆಯ ಎತ್ತರದಲ್ಲಿ ಹಿಡಿದು, ನಾಲ್ಕು ದಿಕ್ಕಿಗೂ ತಿರುಗಿ, ಒಂದೊಂದು ದಿಕ್ಕಿನಲ್ಲಿಯೂ ಐದು ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ತಿರುಗುವುದೇಕೆಂದರೆ ರೌಟರಿಗೆ ಬೆನ್ನು ಮಾಡಿ ನಿಂತಾಗ ನಮ್ಮ ದೇಹವೇ ಹಲವು ಡೆಸಿಬೆಲ್ ಕಸಿದುಕೊಳ್ಳುತ್ತದೆ. ಐದು ಸಂಖ್ಯೆಗಳೇಕೆ? 2.4 ಗಿಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 12 ಸೆಂಟಿಮೀಟರ್. ನೇರವಾಗಿ ಬಂದ ಅಲೆಯೂ ಗೋಡೆಗೆ ತಾಗಿ ಮರಳಿದ ಅಲೆಯೂ ಕೂಡಿದಾಗ ಕೆಲವೆಡೆ ಬಲಗೊಂಡು ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಫೋನು 6 ಸೆಂಟಿಮೀಟರ್ ಸರಿದರೆ ಸಂಖ್ಯೆ 10 ಡೆಸಿಬೆಲ್ ಜಿಗಿಯಬಹುದು. ಒಂದೇ ಓದಿನಿಂದ ತೀರ್ಮಾನಕ್ಕೆ ಬರುವುದು ಸಲ್ಲದು. ಫೋನನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಓದಿ, ಬಂದ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿಕೊಂಡರೆ ಸಾಕು.

ಒಟ್ಟು 480 ಓದುಗಳು. ಒಂದಕ್ಕೆ 5 ಸೆಕೆಂಡಿನಂತೆ 40 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಕಟ್ಟು ಸಡಿಲಿಸದ ಫೋನಿನಲ್ಲಾದರೆ ಇದಕ್ಕೇ 4 ಗಂಟೆ ಹಿಡಿಯುವುದು. ಒಬ್ಬರು ಓದಿ ಹೇಳಿ, ಒಬ್ಬರು ಬರೆದುಕೊಂಡು, ಒಬ್ಬರು ಚೌಕಗಳನ್ನು ಗುರುತಿಸುತ್ತ ಹೋದರೆ ಬೇಸರವೂ ಆಗದು. ಕೋಣೆ ಖಾಲಿಯಿರುವಾಗ ಒಮ್ಮೆ, ಜನ ತುಂಬಿರುವಾಗ ಒಮ್ಮೆ ಅಳೆಯುವುದು ಒಳ್ಳೆಯದು.

ಈಗ ನಕ್ಷೆಯನ್ನು ನೋಡಬೇಕು. ಮೂಲೆಯಲ್ಲಿ -80 ಇದ್ದರೆ ಕಾರಣ ಸ್ಪಷ್ಟ; ದನಿ ತಲುಪುತ್ತಿಲ್ಲ. ಆದರೆ -55 ಇದ್ದೂ ಪುಟ ತೆರೆಯದಿದ್ದರೆ? ಹೊಸ ರೌಟರು ಬಂದ ಮೇಲೆ ಕೆಟ್ಟುಹೋಗುವ ರಹಸ್ಯ ಇಲ್ಲಿದೆ. ಒಂದು ಚಾನೆಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬಲ್ಲರು. ಬೀಕನ್ನುಗಳನ್ನು ಹಳೆಯ ಗ್ರಾಹಕಗಳಿಗೂ ತಿಳಿಯಲೆಂದು ಅನೇಕ ರೌಟರುಗಳು 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 10 ಲಕ್ಷ ಬಿಟ್ಟುಗಳ ನಿಧಾನಗತಿಯಲ್ಲಿ ಕಳುಹಿಸುತ್ತವೆ. ಬೀಕನ್ನಿನ ಉದ್ದ 250 ಬೈಟುಗಳೆಂದುಕೊಂಡರೆ, ಎಂದರೆ 2000 ಬಿಟ್ಟುಗಳು, ಅದಕ್ಕೆ 2 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಸೆಕೆಂಡಿಗೆ 10 ಸಲವೆಂದರೆ ಕಾಲದ ನೂರಕ್ಕೆ 2 ಪಾಲು ಒಂದೇ ಜಾಲದ ಡಂಗುರಕ್ಕೆ ಹೋಯಿತು. ಒಂದೊಂದು ರೌಟರೂ ಅಧ್ಯಾಪಕರಿಗೊಂದು, ವಿದ್ಯಾರ್ಥಿಗಳಿಗೊಂದು, ಕಚೇರಿಗೊಂದು, ಅತಿಥಿಗಳಿಗೊಂದು ಎಂದು ನಾಲ್ಕು ಹೆಸರುಗಳನ್ನು ಸಾರುತ್ತಿದ್ದು, ಅಂತಹ ಐದು ರೌಟರುಗಳು ಒಂದೇ ಚಾನೆಲಿನಲ್ಲಿ ಪರಸ್ಪರ ಕೇಳಿಸುವಂತಿದ್ದರೆ 20 ಡಂಗುರಗಳಾದುವು. ಯಾರೂ ಒಂದಕ್ಷರ ಓದುವ ಮೊದಲೇ ಐದರಲ್ಲಿ ಎರಡು ಪಾಲು ಕಾಲ ತೀರಿಹೋಯಿತು. ಆರನೆಯ ರೌಟರು ಇದಕ್ಕೆ ಮದ್ದಾಗಬಲ್ಲುದೆ?

ಫೋನಿನ ಪಟ್ಟಿಯಲ್ಲಿ ಯಾವ ಚಾನೆಲಿನಲ್ಲಿ ಎಷ್ಟು ಹೆಸರುಗಳಿವೆಯೆಂದು ಎಣಿಸಿದರೆ ಈ ರೋಗ ತಾನೇ ಬಯಲಾಗುತ್ತದೆ. 2.4 ಗಿಗಾಹರ್ಟ್ಸ್‌ನ ಚಾನೆಲುಗಳು 5 ಮೆಗಾಹರ್ಟ್ಸ್ ಅಂತರದಲ್ಲಿದ್ದರೂ ಒಂದೊಂದು ಜಾಲವೂ ಕಡಿಮೆಯೆಂದರೆ 20 ಮೆಗಾಹರ್ಟ್ಸ್ ಅಗಲ ಹರಡಿಕೊಳ್ಳುವುದರಿಂದ 1, 6, 11 ಇವು ಮೂರೇ ಒಂದನ್ನೊಂದು ತಾಗದೆ ನಿಲ್ಲಬಲ್ಲುವು. ಜಾಣತನವೆಂದು 3ನ್ನು ಆರಿಸಿಕೊಂಡವನು 1 ಮತ್ತು 6 ಎರಡರ ಗದ್ದಲವನ್ನೂ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ. ಆದುದರಿಂದ ರೌಟರುಗಳನ್ನು ಈ ಮೂರರಲ್ಲಿ ಹಂಚಿ, ಬೇಡದ ಹೆಸರುಗಳನ್ನು ಅಳಿಸಿ, ಹತ್ತಿರದ ಬೆಂಚುಗಳವರನ್ನು 5 ಗಿಗಾಹರ್ಟ್ಸ್‌ಗೆ ಕಳುಹಿಸುವುದು ಮೊದಲ ಚಿಕಿತ್ಸೆ. ಇದಕ್ಕೆ ಒಂದು ಪೈಸೆಯೂ ಬೇಡ. ಮೂಲೆಯಲ್ಲಿ ದನಿಯೇ ಕ್ಷೀಣವಾಗಿದ್ದರೆ ರೌಟರನ್ನು ಮೇಜಿನ ಕೆಳಗಿನಿಂದ ಎತ್ತಿ ಗೋಡೆಯ ಮೇಲಕ್ಕೂ, ಉಕ್ಕಿನ ಬೀರುಗಳನ್ನು ನಡುವಿನಿಂದ ಪಕ್ಕದ ಗೋಡೆಯ ಕಡೆಗೂ ಸರಿಸಿ ನೋಡಬೇಕು. ಅನಂತರ ಅದೇ ಫೋನನ್ನು ಹಿಡಿದು ಅದೇ ಚೌಕಗಳಲ್ಲಿ ಇನ್ನೊಮ್ಮೆ 480 ಸಂಖ್ಯೆಗಳನ್ನು ಬರೆದು, ಹಳೆಯ ಕಾಗದದ ಪಕ್ಕದಲ್ಲಿಟ್ಟು ನೋಡಬೇಕು. ಮೂಲೆಯ ಬೆಂಚಿನ ಸಂಖ್ಯೆ ಆಗಲೂ -70ರ ಮೇಲಕ್ಕೆ ಏರದಿದ್ದರೆ, ಆ ಎರಡು ಕಾಗದಗಳನ್ನೂ ಲಗತ್ತಿಸಿ ಹೊಸ ರೌಟರಿಗೆ ಅರ್ಜಿ ಬರೆಯಬಹುದು. ಅದನ್ನು ಯಾವ ಗೋಡೆಗೆ ತೂಗುಹಾಕಬೇಕೆಂಬುದೂ ಆ ನಕ್ಷೆಯಲ್ಲಿಯೇ ಇರುತ್ತದೆ.